ಮಂಗಳಾಜೋಡಿಯಲ್ಲಿ ಮೋಟಾರಿಲ್ಲದ ದೋಣಿ

ಒಡಿಶಾದ ಚಿಲಿಕಾ ಸರೋವರಕ್ಕೆ ಹೋಗಿದ್ದೆ ಅಂದರೆ ಎಲ್ಲರೂ ಕೇಳುವುದು ಒಂದೇ: ಡಾಲ್ಫಿನ್ ಕಂಡಿತಾ? ಡಾಲ್ಫಿನ್ ಬೇಕಾದವರು ಪುರಿ ಕಡೆಯಿಂದ ಸಾತಪಡಾಕ್ಕೆ ಹೋಗುತ್ತಾರೆ. ನನಗೆ ಬೇಕಿದ್ದದ್ದು ಹಕ್ಕಿ. ಅದಕ್ಕೆ ಚಿಲಿಕಾದ ಉತ್ತರದ ಅಂಚಿಗೆ, ಟಾಂಗಿ ಹತ್ತಿರದ ಮಂಗಳಾಜೋಡಿ ಅನ್ನುವ ಹಳ್ಳಿಗೆ ಹೋದೆ. ಭುವನೇಶ್ವರದಿಂದ ಸುಮಾರು 70 ಕಿಲೋಮೀಟರ್.

ಚಿಲಿಕಾದಲ್ಲಿ ಕಡಲಿನ ಉಪ್ಪು ನೀರೂ ನದಿಯ ಸಿಹಿ ನೀರೂ ಬೆರೆಯುತ್ತವೆ. ಮಹಾನದಿಯ ಕವಲುಗಳು ಬಂದು ಸೇರುವುದು ಉತ್ತರದಲ್ಲಿ. ಹಾಗಾಗಿ ಅಲ್ಲಿ ಉಪ್ಪು ಕಡಿಮೆ, ಆಳವೂ ಕಡಿಮೆ, ಎಲ್ಲಿ ನೋಡಿದರೂ ಜೊಂಡು. ಚಳಿಗಾಲಕ್ಕೆ ಬರುವ ಬಾತುಗಳಿಗೂ ಕೆಸರು ಕೆದಕುವ ಹಕ್ಕಿಗಳಿಗೂ ಹೇಳಿ ಮಾಡಿಸಿದ ಜಾಗ. ಇಡೀ ಚಿಲಿಕಾದಲ್ಲಿ 2024ರ ಜನವರಿಯಲ್ಲಿ ಎಣಿಸಿದಾಗ ಹಕ್ಕಿಗಳ ಸಂಖ್ಯೆ 11 ಲಕ್ಷ ದಾಟಿತ್ತು.

ನಾನು ಗದಗಿನ ಕಡೆಯವಳು. ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಅಲ್ಲಿ ನಾವು ದಡದ ಮೇಲೆ, ಹಕ್ಕಿ ನೀರಿನ ನಡುವೆ. ಬೈನಾಕ್ಯುಲರ್ ಇಲ್ಲದೆ ಆಗುವುದಿಲ್ಲ. ಮಂಗಳಾಜೋಡಿಯಲ್ಲಿ ಹಕ್ಕಿ ಇರುವಲ್ಲಿಗೇ ನಾವು ಹೋಗುತ್ತೇವೆ, ಅದಕ್ಕೆ ಗೊತ್ತಾಗಿಯೂ ಗಾಬರಿಯಾಗದ ಹಾಗೆ. ಕಾರಣ ದೋಣಿ. ತಳ ಚಪ್ಪಟೆಯಾದ ಸಣ್ಣ ಮರದ ದೋಣಿ, ಮೋಟಾರ್ ಇಲ್ಲ. ಹಿಂದೆ ಒಬ್ಬರು ಬಿದಿರಿನ ಗಳ ಊರಿ ತಳ್ಳುತ್ತಾರೆ, ಮುಂದೆ ಗೈಡ್ ಕೂರುತ್ತಾರೆ.

ಬೆಳಿಗ್ಗೆ ಆರಕ್ಕೆಲ್ಲ ಹೊರಟೆವು. ಅಲ್ಲಿ ನಮ್ಮೂರಿಗಿಂತ ಬೇಗ ಬೆಳಕಾಗುತ್ತದೆ, ಸಂಜೆ ಬೇಗ ಕತ್ತಲೂ ಆಗುತ್ತದೆ. ಜೊಂಡಿನ ನಡುವಿನ ಕಾಲುವೆಯಲ್ಲಿ ಮೊದಲು ಸಿಕ್ಕಿದ್ದು ನೇರಳೆ ಜಂಬುಕೋಳಿ. ದೋಣಿಯಿಂದ ಎರಡು ಮಾರು ದೂರ, ಅಷ್ಟೇ. ಒಂದು ಎಳೆ ದಂಟನ್ನು ಕೊಕ್ಕಿನಲ್ಲಿ ಕಿತ್ತು, ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಉದ್ದ ಬೆರಳುಗಳಲ್ಲಿ ಮಗು ಕಬ್ಬಿನ ಜಲ್ಲೆ ಹಿಡಿದ ಹಾಗೆ ಹಿಡಿದುಕೊಂಡಿತು. ಹೊರಸಿಪ್ಪೆ ಸೀಳಿ ಒಳಗಿನ ಬಿಳಿ ತಿರುಳು ತಿಂದಿತು. ಉಳಿದದ್ದು ನೀರಿಗೆ. ನಮ್ಮ ಕಡೆ ನೋಡಿತು, ಮತ್ತೆ ಇನ್ನೊಂದು ದಂಟಿಗೆ ಕೊಕ್ಕು ಹಾಕಿತು.

ಕಾಲುವೆ ದಾಟಿ ಬಯಲಿಗೆ ಬಂದರೆ ಬ್ಲ್ಯಾಕ್ ಟೇಲ್ಡ್ ಗಾಡ್ವಿಟ್‌ಗಳ ದೊಡ್ಡ ಹಿಂಡು. ಉದ್ದ ಕೊಕ್ಕನ್ನು ಬುಡದವರೆಗೂ ಕೆಸರಿಗಿಳಿಸಿ, ಕಣ್ಣು ನೀರಿಗೆ ತಾಗುವಷ್ಟು ಬಗ್ಗಿ ಹುಡುಕುತ್ತಿದ್ದವು. ಮೇಲೆ ಒಂದು ಸೆಳೆವ (ಹದ್ದಿನಂಥ ಬೇಟೆ ಹಕ್ಕಿ) ಸುತ್ತಿದ್ದೇ ತಡ, ಇಡೀ ಹಿಂಡು ಎದ್ದಿತು. ರೆಕ್ಕೆಯ ಬಿಳಿ ಪಟ್ಟಿ, ಬಾಲದ ಕಪ್ಪು, ಎಲ್ಲ ಒಟ್ಟಿಗೆ ತಿರುಗಿತು. ಸೂಜಿಬಾಲದ ಬಾತು, ಬಾಯ್ಕಳಕ, ಮೆಟ್ಟುಗಾಲು ಹಕ್ಕಿ ಎಲ್ಲ ಇದ್ದವು, ಪಟ್ಟಿ ಬೇಡ ಬಿಡಿ.

ನನಗೆ ಜಾಸ್ತಿ ಹೇಳಬೇಕಿರುವುದು ಗೈಡ್ ಬಗ್ಗೆ. ಜೊಂಡಿನೊಳಗೆ ಸಣ್ಣಗೆ ಏನೋ ಕೂಗಿತು. ನಾನು ಕೇಳಿಸಿಕೊಳ್ಳುವಷ್ಟರಲ್ಲಿ ಅವರು ಕೈ ಎತ್ತಿದರು, ಗಳ ನಿಂತಿತು. "ದೀದಿ, ಅಲ್ಲಿ, ಬುಡದಲ್ಲಿ" ಅಂದರು ಹಿಂದಿಯಲ್ಲಿ. ತುಂಬಾ ಹೊತ್ತಾದ ಮೇಲೆ ಜೊಂಡಿನ ಬುಡದಿಂದ ಬೈಲನ್ಸ್ ಕ್ರೇಕ್ ಅನ್ನುವ ಹಕ್ಕಿ ಹೊರಗೆ ಬಂತು, ಗುಬ್ಬಚ್ಚಿಗಿಂತ ಒಂಚೂರು ದೊಡ್ಡದು. ಇದನ್ನು ಎಲ್ಲಿ ಕಲಿತಿರಿ ಭಾಯಿ ಅಂತ ಕೇಳಿದೆ. "ಅಪ್ಪನ ಜೊತೆ. ಆಗ ಬಲೆ ಹಾಕುತ್ತಿದ್ದೆವು" ಅಂದರು. ಮುಚ್ಚಿಡಲಿಲ್ಲ.

ಮಂಗಳಾಜೋಡಿ ಒಂದು ಕಾಲಕ್ಕೆ ಬೇಟೆಯ ಊರು. ಬಲೆ, ಬಂದೂಕು, ವಿಷ ಎಲ್ಲ ಇತ್ತು. ಹಕ್ಕಿ ಮಾಂಸಕ್ಕೆ ಮಾರಾಟವಾಗುತ್ತಿತ್ತು. 2000ದ ಸುಮಾರಿಗೆ ಊರಿನವರೇ ಶ್ರೀ ಶ್ರೀ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿ ಕಾವಲಿಗೆ ನಿಂತರು. ಬೇಟೆಗಾರರೇ ಕಾವಲುಗಾರರಾದರು, ಆಮೇಲೆ ಗೈಡ್‌ಗಳಾದರು. ಹಕ್ಕಿ ಎಲ್ಲಿ ಮಲಗುತ್ತದೆ, ಯಾವ ಗಾಳಿಗೆ ಎಲ್ಲಿ ಇಳಿಯುತ್ತದೆ ಎಂಬ ಲೆಕ್ಕ ಅವರ ಕೈಯಲ್ಲೇ ಇತ್ತಲ್ಲ. ಹೊರಗಿನಿಂದ ತರಬೇತಿ ಕೊಟ್ಟು ಕರೆತಂದ ಯಾರಿಗೂ ಅಷ್ಟು ಬರಲಿಕ್ಕಿಲ್ಲ ಅನ್ನಿಸುತ್ತದೆ ನನಗೆ.

ಅದೇ ಹೊತ್ತಿಗೆ ಚಿಲಿಕಾ ಕೂಡ ಚೇತರಿಸಿಕೊಳ್ಳುತ್ತಿತ್ತು. ಹೂಳು ತುಂಬಿ ಕಡಲಿನ ಬಾಯಿ ಕಟ್ಟಿ, ಕಳೆ ಬೆಳೆದು, ಮೀನು ಕಡಿಮೆಯಾಗಿ, 1993ರಲ್ಲಿ ರಾಮ್ಸಾರ್ ಅನ್ನುವ, ಜೌಗು ಪ್ರದೇಶಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದದ ಅಪಾಯದ ಪಟ್ಟಿಗೆ ಸೇರಿತ್ತು. 2000ದ ಸೆಪ್ಟೆಂಬರ್‌ನಲ್ಲಿ ಕಡಲಿಗೆ ಹೊಸ ಬಾಯಿ ತೆರೆದರು. 2002ರಲ್ಲಿ ಆ ಪಟ್ಟಿಯಿಂದ ಹೊರಬಂತು.

ಹೋಗುವವರಲ್ಲಿ ಒಂದು ಮನವಿ. ಊರಿನ ಗೈಡನ್ನೇ ಹಿಡಿಯಿರಿ, ಸಾಧ್ಯವಾದರೆ ಊರಲ್ಲೇ ಉಳಿಯಿರಿ. ಬೇಟೆ ಬಿಟ್ಟ ಮನೆಗೆ ಹಕ್ಕಿಯಿಂದಲೇ ಹೊಟ್ಟೆ ತುಂಬಬೇಕು, ಇಲ್ಲದಿದ್ದರೆ ಕಾವಲು ಎಷ್ಟು ದಿನ ನಿಂತೀತು? ಫೋಟೋಗಾಗಿ ಇನ್ನೂ ಹತ್ತಿರ ಹೋಗಿ ಅಂತ ಒತ್ತಾಯಿಸಬೇಡಿ. ನಮ್ಮ ಪಕ್ಕದ ದೋಣಿಯಲ್ಲಿ ಒಬ್ಬರು ಹಾರುವ ಫೋಟೋ ಬೇಕೆಂದು ಚಪ್ಪಾಳೆ ತಟ್ಟಿದರು. ಅವರ ಗೈಡ್ ಮಾತಾಡದೆ ದೋಣಿ ತಿರುಗಿಸಿದರು. ಸರಿಯಾಗಿಯೇ ಮಾಡಿದರು. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ಮೈ ತುಂಬಿಕೊಳ್ಳುವ ಕಾಲ ಅದು, ಸುಮ್ನೆ ಎಬ್ಬಿಸಬಾರದು.

ಡಿಸೆಂಬರ್, ಜನವರಿ ಒಳ್ಳೆಯ ಸಮಯ. ಮಧ್ಯಾಹ್ನ ಬಿಸಿಲು ಜೋರು, ದೋಣಿಯಲ್ಲಿ ನೆರಳಿಲ್ಲ, ಟೋಪಿ ಬೇಕೇ ಬೇಕು. ಬೆಂಗಳೂರಿನಿಂದ ಭುವನೇಶ್ವರದ ರೈಲಿನಲ್ಲಿ ಹೋಗುವುದಾದರೆ ಬ್ರಹ್ಮಪುರ ದಾಟಿದ ಮೇಲೆ ಬಲಗಡೆ ಕಿಟಕಿ ಹಿಡಿಯಿರಿ. ರಂಭಾ, ಬಾಲುಗಾಂವ್ ಹತ್ತಿರ ಚಿಲಿಕಾ ಕಾಣುತ್ತದೆ.