ದಿಯೆನ್ ಬಿಯೆನ್ ಫು: ಮೊದಲು ಕಾಡು, ಆಮೇಲೆ ಕಣಿವೆ

ವಿಯೆಟ್ನಾಮಿನ ವಾಯವ್ಯ ಮೂಲೆಯಲ್ಲಿರುವ ದಿಯೆನ್ ಬಿಯೆನ್ ಫುಗೆ ಬಂದವರು ಸಾಮಾನ್ಯವಾಗಿ ಬ್ಯಾಗ್ ಇಟ್ಟು ನೇರ ಫ್ರೆಂಚ್ ಕಮಾಂಡರ್ ದ ಕಾಸ್ತ್ರಿಯ ಬಂಕರಿಗೆ ಹೋಗುತ್ತಾರೆ. ಅದು ಊರೊಳಗೇ ಇದೆ, ಹಾಗಾಗಿ. ಆದರೆ ಅಲ್ಲಿಂದ ಶುರು ಮಾಡಿದರೆ, 1954ರಲ್ಲಿ ವಿಯೆಟ್ನಾಮೀಯರು ಇಲ್ಲಿ ಫ್ರೆಂಚರನ್ನು ಸೋಲಿಸಿದ ಯುದ್ಧ ಅರ್ಥವಾಗುವುದಿಲ್ಲ. ಮೊದಲ ಬೆಳಿಗ್ಗೆಯನ್ನು ವಿಯೆಟ್ನಾಮೀಯರ ಸೇನಾ ಕೇಂದ್ರವಿದ್ದ ಮುವಾಂಗ್ ಫಾಂಗ್ ಕಾಡಿಗೆ ಮೀಸಲಿಡಿ.

ಹನೋಯ್‌ನಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ. ಸ್ಲೀಪರ್ ಬಸ್ಸಾದರೆ ಇಡೀ ರಾತ್ರಿ, ಬಹುಪಾಲು ಘಾಟಿ ರಸ್ತೆ. ವಾಂತಿ ಬರುವವರು ಮಾತ್ರೆ ಮರೆಯಬೇಡಿ. ಚಳಿಗಾಲದ ಮಂಜಿಗೆ ವಿಮಾನ ತಡವಾಗಬಹುದು, ಆದ್ದರಿಂದ ಊರಿಗೆ ಮರಳುವ ವಿಮಾನವನ್ನು ಅದೇ ದಿನಕ್ಕೆ ಬುಕ್ ಮಾಡಬೇಡಿ. ಮಾರ್ಚ್ ಒಳ್ಳೆಯ ಕಾಲ, ಬಸವನಪಾದದ ಹೂವು ಗುಡ್ಡಗಳ ತುಂಬ ಅರಳಿರುತ್ತದೆ. ಮೇ 7 ವಿಜಯದ ದಿನ; ಆ ವಾರ ಕೋಣೆ ಸಿಗುವುದು ಕಷ್ಟ. ಇ-ವೀಸಾ ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಲಿ. ಇನಿಷಿಯಲ್ ಬಿಡಿಸಿ ಬರೆದಿರುವ ನಮ್ಮ ಕಡೆಯ ಹೆಸರುಗಳಲ್ಲಿ ತಪ್ಪಾಗುವುದು ಅಲ್ಲೇ.

ಮುವಾಂಗ್ ಫಾಂಗ್‌ಗೆ ಬಸ್ಸು ನೆಚ್ಚಬೇಡಿ. ಟ್ಯಾಕ್ಸಿಯನ್ನು ಹೋಗಿಬರುವ ಬಾಡಿಗೆಗೆ ಮಾತಾಡಿ, ಕಾಯುವ ಸಮಯವನ್ನೂ ಸೇರಿಸಿ. ವಿಯೆಟ್ನಾಮಿ ಸೇನೆಯನ್ನು ನಡೆಸಿದ ಜನರಲ್ ವೊ ನುಯೆನ್ ಯಾಪ್ 1954ರ ಜನವರಿ ಕೊನೆಯಿಂದ ಯುದ್ಧ ಮುಗಿಯುವವರೆಗೆ ಇದ್ದದ್ದು ಇಲ್ಲಿನ ಹುಲ್ಲು ಮಾಡಿನ ಗುಡಿಸಲಿನಲ್ಲಿ. ಈಗ ಕಾಣುವವು ಮರಳಿ ಕಟ್ಟಿದವು. ಅವರ ಗುಡಿಸಲನ್ನೂ ಸೇನಾ ಮುಖ್ಯಸ್ಥ ಹೊಆಂಗ್ ವಾನ್ ಥಾಯ್ ಅವರದ್ದನ್ನೂ ಜೋಡಿಸುವ 69 ಮೀಟರ್ ಸುರಂಗಕ್ಕೆ ಟಾರ್ಚ್ ಬೇಕು. ಕಲ್ಲುದಾರಿ ಮಳೆಯಲ್ಲಿ ಜಾರುತ್ತದೆ, ಚಪ್ಪಲಿ ಬೇಡ.

ಯಾಪ್ ಅವರ ಅತಿ ಕಷ್ಟದ ನಿರ್ಧಾರ ಜನವರಿ 26ರದು. ದಾಳಿಗೆ ಎಲ್ಲ ಸಿದ್ಧವಿತ್ತು, ಅವರು ಮುಂದೂಡಿದರು. ಸೈನಿಕರು ಕೈಯಿಂದ ಎಳೆದು ತಂದ ಫಿರಂಗಿಗಳನ್ನು ಹಾಗೆಯೇ ಎಳೆದು ಹಿಂದಕ್ಕೆ ಒಯ್ದರು, ಗುಡ್ಡದ ಮೈ ಕೊರೆದು ಮತ್ತೆ ಕೂರಿಸಿದರು. ಮಾರ್ಚ್ 13ಕ್ಕೆ ಗುಂಡು ಹಾರಿದಾಗ ಫ್ರೆಂಚರ ತೋಪುಗಳಿಗೆ ಅವುಗಳ ಜಾಗ ಸಿಗಲೇ ಇಲ್ಲ. ಫ್ರೆಂಚ್ ಫಿರಂಗಿದಳದ ಮುಖ್ಯಸ್ಥ ಪಿರೋತ್ ಎರಡೇ ದಿನದಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಇಲ್ಲಿ ನೆಲೆಯೂರುವ ಯೋಜನೆ ಹಾಕಿದ ಫ್ರೆಂಚ್ ಜನರಲ್ ನವಾರ್ ದೂರದಲ್ಲಿದ್ದರು. ಕೆಳಗಿನ ಕಣಿವೆಯಲ್ಲಿದ್ದ ಫ್ರೆಂಚರಿಗೆ ಆಹಾರ, ಮದ್ದುಗುಂಡು ಎಲ್ಲ ಆಕಾಶದಿಂದಲೇ ಬರಬೇಕಿತ್ತು. ರನ್‌ವೇ ಫಿರಂಗಿಗಳ ಹಿಡಿತಕ್ಕೆ ಸಿಕ್ಕಿತು, ಮಾರ್ಚ್ ಮುಗಿಯುವ ಮೊದಲೇ ವಿಮಾನ ಇಳಿಯುವುದು ನಿಂತಿತು.

ಇದನ್ನು ತಲೆಯಲ್ಲಿಟ್ಟುಕೊಂಡು ಊರಿಗೆ ಇಳಿದು ಬಂದರೆ ಆ ಬಂಕರ್ ಬೇರೆಯೇ ಆಗಿ ಕಾಣುತ್ತದೆ: 20 ಮೀಟರ್ ಉದ್ದ, 8 ಮೀಟರ್ ಅಗಲ, ಸುತ್ತ ಬಯಲು, ನಾಲ್ಕೂ ದಿಕ್ಕಿಗೆ ಗುಡ್ಡ. ಫ್ರೆಂಚರು ಕಾದ ಎ1 ಗುಡ್ಡವನ್ನು ಸಂಜೆ ಹತ್ತಿ. ಮೇ 6ರ ರಾತ್ರಿ ವಿಯೆಟ್ನಾಮೀಯರು ಸುರಂಗದಲ್ಲಿಟ್ಟು ಸಿಡಿಸಿದ ಸುಮಾರು ಒಂದು ಟನ್ ಸ್ಫೋಟಕ ತೋಡಿದ ಹೊಂಡ ಇನ್ನೂ ಇದೆ. ವಸ್ತುಸಂಗ್ರಹಾಲಯ ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚುವುದರಿಂದ ಅದನ್ನು ಎರಡನೆಯ ದಿನದ ಬೆಳಿಗ್ಗೆಗೆ ಇಟ್ಟುಕೊಳ್ಳಿ. ಒಳಗಿನ ದುಂಡು ಗೋಡೆಯ ದೊಡ್ಡ ಚಿತ್ರಕ್ಕೇ ಒಂದು ಗಂಟೆ ಬೇಕು. ಸಸ್ಯಾಹಾರಿಗಳು "ಚಾಯ್" (ಸಸ್ಯಾಹಾರ) ಎಂಬ ಪದ ಕಲಿತಿರಿ, ಮೀನಿನ ಸಾಸ್ ಬೇಡವೆಂದು ಬೇರೆಯಾಗಿಯೇ ಹೇಳಿ. ಅಂಟು ಅನ್ನ ಎಲ್ಲೆಡೆ ಸಿಗುತ್ತದೆ.

ಫ್ರೆಂಚರ ಈ ಕೋಟೆ ಬಿದ್ದದ್ದು ಮೇ 7, ಜಿನೀವಾದಲ್ಲಿ ಇಂಡೋಚೀನಾ ಮಾತುಕತೆ ಶುರುವಾದದ್ದು ಮೇ 8. ವಿಯೆಟ್ನಾಮೀಯರ ಪರ ಮಾತಾಡಿದ ಫಾಮ್ ವಾನ್ ದಾಂಗ್ ಎದುರು ಮೊದಲು ಫ್ರೆಂಚ್ ವಿದೇಶಾಂಗ ಸಚಿವ ಬಿದೋ, ಆಮೇಲೆ ಜುಲೈ 20ರ ಗಡುವು ಹಾಕಿಕೊಂಡು ಪ್ರಧಾನಿಯಾದ ಮೆಂದೆಸ್ ಫ್ರಾನ್ಸ್. ಅಲ್ಲಿ ಆದ ಒಪ್ಪಂದದ ಉಸ್ತುವಾರಿ ಆಯೋಗಕ್ಕೆ ಭಾರತವೇ ಅಧ್ಯಕ್ಷನಾಗಿತ್ತು. ಇನ್ನೆರಡು ದಿನ ಇದ್ದರೆ ಮಧ್ಯ ವಿಯೆಟ್ನಾಮಿನ ದಾಂಗ್ ಹಾ ಊರಿನಿಂದ ಉತ್ತರಕ್ಕಿರುವ ಹಿಯೆನ್ ಲುವಾಂಗ್ ಸೇತುವೆಗೂ ಹೋಗಿಬನ್ನಿ. ಆ ಒಪ್ಪಂದದಿಂದ ದೇಶ ಉತ್ತರ, ದಕ್ಷಿಣ ಎಂದು ಎರಡಾದದ್ದು ಸೇತುವೆಯ ಕೆಳಗಿನ ಬೆನ್ ಹಾಯ್ ಹೊಳೆಯ ಉದ್ದಕ್ಕೇ. ಹೊಳೆ ಎಷ್ಟು ಕಿರಿದೆಂದು ನಡೆದು ದಾಟಿಯೇ ನೋಡಬೇಕು.