ಬೈಕ್ ರಿಪೇರಿಗೆ ತಂದರೆ ನನ್ನ ತೂಕ ಏಕೆ ಕೇಳುತ್ತೀರಿ?

ಶಾಕ್ ಅಬ್ಸಾರ್ಬರ್ ಕೆಲಸಕ್ಕೆಂದು ಬಂದವರನ್ನು ನಾನು ಮೊದಲು ಕೇಳುವುದು, "ನಿಮ್ಮ ತೂಕ ಎಷ್ಟು?" ಎಂದು. ಆಮೇಲೆ, "ಹಿಂದೆ ಯಾರಾದರೂ ಕೂರುತ್ತಾರೆಯೇ? ದಿನಾ ಓಡಾಡುವ ದಾರಿ ಯಾವುದು?" ಬಂದವರಿಗೆ ಇದು ವಿಚಿತ್ರವೆನಿಸುತ್ತದೆ. "ಅಣ್ಣಾ, ಕೆಟ್ಟಿರುವುದು ಬೈಕು. ನನ್ನ ತೂಕ ತಿಳಿದುಕೊಂಡು ಏನು ಮಾಡುತ್ತೀರಿ?" ಎನ್ನುತ್ತಾರೆ. ಇದೇ ಪ್ರಶ್ನೆ ಇನ್ನೊಂದು ರೂಪದಲ್ಲೂ ಬರುತ್ತದೆ: "ನನ್ನ ಗೆಳೆಯನ ಹಿಮಾಲಯನ್ ಬೈಕಿಗೆ ಮಾಡಿಕೊಟ್ಟಿರಲ್ಲ, ಅದೇ ಸೆಟ್ಟಿಂಗ್ ನನ್ನದಕ್ಕೂ ಮಾಡಿಬಿಡಿ." ಬಳ್ಳಾರಿಯಲ್ಲಿ ಈ ಕೆಲಸ ಮಾಡಿಕೊಂಡಿರುವವನಾಗಿ ಇದಕ್ಕೆ ಪೂರ್ತಿ ಉತ್ತರವನ್ನು ಒಮ್ಮೆ ಬರೆದಿಡಬೇಕು ಎನಿಸಿತು. ಅಂಗಡಿಯಲ್ಲಿ ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೇಳುವಾಗ ಮಾತು ಅರ್ಧಕ್ಕೇ ನಿಲ್ಲುತ್ತದೆ.

ಶಾಕ್‌ನ ಸ್ಪ್ರಿಂಗ್‌ಗೆ ಗೊತ್ತಾಗುವುದು ತನ್ನ ಮೇಲೆ ಬಿದ್ದ ಭಾರ ಮಾತ್ರ. ಕಂಪನಿಯವರು ಲಕ್ಷಗಟ್ಟಲೆ ಬೈಕುಗಳಿಗೆ ಒಂದೇ ಬಗೆಯ ಸ್ಪ್ರಿಂಗ್ ಹಾಕಿ ಕಳಿಸುತ್ತಾರೆ. 55 ಕಿಲೋ ತೂಗುವ ಹುಡುಗನಿಗೂ 95 ಕಿಲೋ ತೂಗುವ ಯಜಮಾನರಿಗೂ ಅದೇ. ಹೆಚ್ಚಿನವರು ಚಕ್ರದ ಕೆಲಸವೆಂದರೆ ದಿಬ್ಬ ಬಂದಾಗ ಮೇಲೇಳುವುದು ಎಂದುಕೊಂಡಿರುತ್ತಾರೆ. ಗುಂಡಿ ಬಂದಾಗ ಅದು ಕೆಳಗೂ ಇಳಿಯಬೇಕು, ಇಲ್ಲದಿದ್ದರೆ ಟೈರು ನೆಲ ಬಿಡುತ್ತದೆ, ನೆಲ ಬಿಟ್ಟ ಟೈರಿಗೆ ಬ್ರೇಕೂ ಇಲ್ಲ ಹಿಡಿತವೂ ಇಲ್ಲ. ಕೆಳಗಿಳಿಯಲು ಜಾಗ ಉಳಿಯಬೇಕಾದರೆ ಸವಾರ ಕುಳಿತ ಕೂಡಲೇ ಬೈಕು ಒಂದಷ್ಟು ಕುಸಿದಿರಬೇಕು. ಈ ಕುಸಿತವನ್ನೇ ಸ್ಯಾಗ್ ಎನ್ನುತ್ತೇವೆ. ಒಟ್ಟು ಟ್ರಾವೆಲ್‌ನ, ಅಂದರೆ ಚಕ್ರ ಮೇಲೆ ಕೆಳಗೆ ಚಲಿಸಬಲ್ಲ ಪೂರ್ತಿ ದೂರದ, ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದ್ದರೆ ಸರಿ. ಹಿಮಾಲಯನ್ 411ರ ಹಿಂದಿನ ಚಕ್ರಕ್ಕೆ 180 ಮಿಲಿಮೀಟರ್ ಟ್ರಾವೆಲ್ ಇದೆ. ಅಂದರೆ ನೀವು ಕುಳಿತಾಗ ಅದು ಹೆಚ್ಚುಕಡಿಮೆ 45ರಿಂದ 60 ಮಿಲಿಮೀಟರ್ ಕುಸಿಯಬೇಕು. ನಿಮ್ಮ ಗೆಳೆಯನಿಗೆ ಸರಿಯಾಗಿ ಕುಸಿದ ಸ್ಪ್ರಿಂಗ್ ನಿಮ್ಮ ಕೆಳಗೂ ಅಷ್ಟೇ ಕುಸಿಯಬೇಕಾದರೆ ನಿಮ್ಮಿಬ್ಬರ ತೂಕವೂ ಒಂದೇ ಇರಬೇಕು.

ಅಳೆಯುವುದು ಸುಲಭ, ಮನೆಯಲ್ಲೂ ಮಾಡಬಹುದು. ಹಿಂದಿನ ಚಕ್ರ ನೆಲ ಬಿಡುವಂತೆ ಬೈಕನ್ನು ಎತ್ತಿ ನಿಲ್ಲಿಸಿ. ಚಕ್ರದ ನಡುವಿನ ಆಕ್ಸಲ್‌ನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಗುರುತು ಹಾಕಿದ ಒಂದು ಜಾಗದವರೆಗೆ ಟೇಪು ಹಿಡಿದು ಅಳೆದು ಬರೆದುಕೊಳ್ಳಿ. ಬೈಕನ್ನು ಇಳಿಸಿ, ಯಾರೂ ಕೂರದೆ ಇನ್ನೊಮ್ಮೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಬ್ಯಾಗು ಸಮೇತ ನೀವು ಕುಳಿತು, ಬೇರೆಯವರ ಕೈಯಲ್ಲಿ ಮೂರನೆಯ ಸಲ ಅಳೆಸಿ. ಎಣ್ಣೆ ಸೋರದಂತೆ ತಡೆಯುವ ಸೀಲು, ಬುಷ್‌ಗಳ ಉಜ್ಜಾಟದಿಂದ ಬೈಕು ಎಲ್ಲೆಂದರಲ್ಲಿ ನಿಂತುಬಿಡುತ್ತದೆ. ಹಾಗಾಗಿ ಒಮ್ಮೆ ಕೆಳಗೆ ಒತ್ತಿ ಮೆಲ್ಲಗೆ ಬಿಟ್ಟು, ಒಮ್ಮೆ ಮೇಲೆತ್ತಿ ಮೆಲ್ಲಗೆ ಬಿಟ್ಟು, ಎರಡರ ನಡುವಿನ ಅಂಕಿ ಹಿಡಿಯಬೇಕು. ಮೊದಲ ಅಳತೆಯಿಂದ ಮೂರನೆಯದನ್ನು ಕಳೆದರೆ ಸವಾರನ ಸ್ಯಾಗ್, ಎರಡನೆಯದನ್ನು ಕಳೆದರೆ ಖಾಲಿ ಬೈಕಿನ ಸ್ಯಾಗ್.

ಈ ಎರಡೂ ಅಂಕಿ ಬೇಕು. ಪ್ರೀಲೋಡ್ ಉಂಗುರ, ಅಂದರೆ ಸ್ಪ್ರಿಂಗನ್ನು ಮೊದಲೇ ಒಂದಿಷ್ಟು ಅದುಮಿಡುವ ಉಂಗುರ, ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಮ್ಮ ಊರಿನ ಮೆಕ್ಯಾನಿಕ್‌ಗಳಲ್ಲೂ ಬೇರೂರಿದೆ. ಸ್ಪ್ರಿಂಗ್‌ನ ಗಡಸು ಅದರ ತಂತಿಯ ದಪ್ಪ, ಸುರುಳಿಯ ಅಗಲ ಮತ್ತು ಸುತ್ತುಗಳ ಲೆಕ್ಕದಿಂದ ಬಂದದ್ದು. ಉಂಗುರ ಎಷ್ಟು ತಿರುಗಿಸಿದರೂ ಅದು ಬದಲಾಗುವುದಿಲ್ಲ, ಬೈಕು ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಭಾರಿ ಸವಾರನೊಬ್ಬ ಉಂಗುರವನ್ನು ಕೊನೆಯವರೆಗೆ ಬಿಗಿದು ತನ್ನ ಸ್ಯಾಗ್ ಸರಿ ಮಾಡಿಕೊಂಡ ಎನ್ನಿ. ಅವನು ಇಳಿದ ಮೇಲೆ ಖಾಲಿ ಬೈಕು ಒಂದಿಷ್ಟೂ ಕುಸಿಯದೆ ಮೇಲೆದ್ದು ನಿಂತಿದ್ದರೆ, ಆ ಸ್ಪ್ರಿಂಗ್ ಅವನಿಗೆ ಮೆತ್ತಗಾಯಿತೆಂದೇ ಅರ್ಥ. ಖಾಲಿ ಬೈಕು ತೀರಾ ಕುಸಿದಿದ್ದರೆ ಸ್ಪ್ರಿಂಗ್ ಗಟ್ಟಿ. ನೋಡುವವರಿಗೆ ಇದು ತಲೆಕೆಳಗೆನಿಸಬಹುದು, ಆದರೆ ಲೆಕ್ಕ ಹಾಗೆಯೇ ಇದೆ. ಆಗ ಸ್ಪ್ರಿಂಗನ್ನೇ ಬದಲಿಸಬೇಕು. ಹೊಸದಾಗಿ ಸುತ್ತಿಸುವುದಾದರೆ ಎಚ್ಚರ ಬೇಕು: ತಂತಿ ಶೇಕಡ 10ರಷ್ಟು ದಪ್ಪವಾದರೆ ಸ್ಪ್ರಿಂಗ್ ಸುಮಾರು ಶೇಕಡ 46ರಷ್ಟು ಗಟ್ಟಿಯಾಗುತ್ತದೆ. ಗ್ಯಾಸ್ ಕಟರ್‌ನಲ್ಲಿ ಸುತ್ತು ಕತ್ತರಿಸಿ ಗಟ್ಟಿ ಮಾಡಿಕೊಡುವವರಿದ್ದಾರೆ. ಬೆಂಕಿ ತಾಗಿದ ಕಡೆ ಉಕ್ಕಿನ ಹದ ಕೆಡುತ್ತದೆ, ದಯವಿಟ್ಟು ಮಾಡಿಸಬೇಡಿ.

ತೂಕದ ಕಥೆ ಇಷ್ಟು. ದಾರಿಯ ಕಥೆ ಇದಕ್ಕಿಂತ ದೊಡ್ಡದು, ನನಗೆ ಹೆಚ್ಚು ಪ್ರಿಯವಾದದ್ದೂ ಹೌದು.

ಬಳ್ಳಾರಿಯಿಂದ ಸಿರುಗುಪ್ಪದ ಕಡೆ ಹೊರಟರೆ ಎರೆಭೂಮಿ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ಹಾಸಿದ ಡಾಂಬರು ಒಡೆಯದಿದ್ದರೂ ಅಲೆಅಲೆಯಾಗಿ ಏರಿಳಿಯುತ್ತದೆ. ಸಂಡೂರಿನ ಕಡೆ ಹೊರಟರೆ ಅದಿರಿನ ಲಾರಿಗಳ ದಾರಿ. ಅಲ್ಲಿ ಅಂಚು ಚೂಪಾದ ಗುಂಡಿಗಳು, ಕಿತ್ತುಬಂದ ಜಲ್ಲಿ. ಒಂದೇ ತೂಕದ ಇಬ್ಬರು, ಒಂದೇ ಮಾದರಿಯ ಬೈಕು, ಒಬ್ಬರದು ಆ ದಾರಿ, ಇನ್ನೊಬ್ಬರದು ಈ ದಾರಿ ಎಂದರೆ ನಾನು ಎರಡು ಬೇರೆ ಕೆಲಸ ಮಾಡಬೇಕಾಗುತ್ತದೆ. ಅಲೆಯ ರಸ್ತೆಯಲ್ಲಿ ಮುಖ್ಯವಾದದ್ದು ರೀಬೌಂಡ್, ಅಂದರೆ ಅದುಮಿದ ಸ್ಪ್ರಿಂಗ್ ವಾಪಸ್ ಬಿಚ್ಚಿಕೊಳ್ಳುವ ವೇಗಕ್ಕೆ ಶಾಕ್‌ನೊಳಗಿನ ಎಣ್ಣೆ ಒಡ್ಡುವ ತಡೆ. ತಡೆ ಕಡಿಮೆಯಾದರೆ ಬೈಕು ಒಂದು ಅಲೆ ದಾಟಿದ ಮೇಲೂ ತೂಗಾಡುತ್ತಲೇ ಇರುತ್ತದೆ. ಹೆಚ್ಚಾದರೆ ಮುಂದಿನ ಅಲೆ ಬರುವಷ್ಟರಲ್ಲಿ ಚಕ್ರ ತನ್ನ ಜಾಗಕ್ಕೆ ಮರಳಿರುವುದಿಲ್ಲ; ಪ್ರತಿ ಅಲೆಗೂ ಇನ್ನಷ್ಟು ಕುಸಿದು, ಕೊನೆಗೆ ಸ್ಪ್ರಿಂಗೇ ಇಲ್ಲವೇನೋ ಎಂಬಂತೆ ಬಡಿಯತೊಡಗುತ್ತದೆ. ಚೂಪು ಗುಂಡಿಯ ದಾರಿಯಲ್ಲಿ ತೊಂದರೆ ಬೇರೆ. ಹೆಚ್ಚಿನ ಸಾಧಾರಣ ಬೈಕುಗಳ ಮುಂದಿನ ಫೋರ್ಕ್‌ನೊಳಗೆ, ಅಂದರೆ ಮುಂದಿನ ಚಕ್ರ ಹಿಡಿದ ಜೋಡಿ ಪೈಪಿನೊಳಗೆ, ಎಣ್ಣೆ ದಾಟುವುದು ಒಂದಿಷ್ಟು ತೂತುಗಳ ಮೂಲಕ. ಚಕ್ರ ಎರಡು ಪಟ್ಟು ವೇಗವಾಗಿ ಎದ್ದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಗುಂಡಿಯ ಅಂಚು ಬಡಿದಾಗ ಎಣ್ಣೆಗೆ ದಾಟಲು ದಾರಿಯೇ ಸಾಲದೆ ಪೆಟ್ಟು ನೇರ ಮಣಿಕಟ್ಟಿಗೆ ಬರುತ್ತದೆ. ಅಂಥವರು ಬಂದು "ಎಣ್ಣೆ ಇನ್ನೂ ಮಂದವಾದದ್ದು ಹಾಕಿ" ಎನ್ನುತ್ತಾರೆ. ಮಂದ ಎಣ್ಣೆ ಹಾಕಿದರೆ ಕೈನೋವು ಇನ್ನೂ ಹೆಚ್ಚುತ್ತದೆ.

ದುಬಾರಿ ಬೈಕುಗಳಲ್ಲಿ ತೂತುಗಳ ಬದಲು ಪಿಸ್ಟನ್‌ನ ಮೇಲೆ ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳ ಅಟ್ಟಿ ಇರುತ್ತದೆ. ಪೆಟ್ಟು ಜೋರಾದಾಗ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ಇವನ್ನು ಬಿಚ್ಚುವಾಗ ನಾನು ಒಂದು ತಂತಿಗೆ ಅದೇ ಕ್ರಮದಲ್ಲಿ ಪೋಣಿಸಿಡುತ್ತೇನೆ, ಮೈಕ್ರೋಮೀಟರ್‌ನಲ್ಲಿ ಒಂದೊಂದರ ದಪ್ಪವನ್ನೂ ನೋಡುತ್ತೇನೆ. 0.10 ಮಿಲಿಮೀಟರ್ ಬಿಲ್ಲೆಯ ಜಾಗಕ್ಕೆ 0.20ರದ್ದು ಹೋಯಿತೆಂದರೆ ಅಲ್ಲಿ ಗಡಸು ಎಂಟು ಪಟ್ಟು. ಬೆರಳಿಗೆ ಈ ವ್ಯತ್ಯಾಸ ಸರಿಯಾಗಿ ತಿಳಿಯುವುದೂ ಇಲ್ಲ. ಈ ಕೆಲಸಕ್ಕೆ ಅವಸರ ಮಾಡುವವರಿಗೆ ನಾನು ಬೈಕನ್ನು ಮರುದಿನಕ್ಕೆ ಬಿಟ್ಟುಹೋಗಲು ಹೇಳುವುದು ಇದೇ ಕಾರಣಕ್ಕೆ.

ಎಣ್ಣೆಯ ವಿಷಯದಲ್ಲಿ ಒಂದು ಮಾತು. ಎಣ್ಣೆ ಎಷ್ಟು ಮಂದ ಎಂದು ಹೇಳುವ, ಡಬ್ಬಿಯ ಮೇಲಿನ 10ಡಬ್ಲ್ಯೂ ಎಂಬ ಅಂಕಿಯನ್ನು ನೆಚ್ಚಬೇಡಿ, ಒಂದು ಕಂಪನಿಯ 10 ಇನ್ನೊಂದರ 10ಕ್ಕಿಂತ ತೆಳುವಾಗಿರಬಹುದು. 40 ಡಿಗ್ರಿ ಶಾಖದಲ್ಲಿ ಎಷ್ಟು ಸೆಂಟಿಸ್ಟೋಕ್ (ಮಂದತನ ಅಳೆಯುವ ಮಾನ) ಎಂದು ಬರೆದಿರುತ್ತಾರೆ, ಹೋಲಿಸಬೇಕಾದದ್ದು ಅದನ್ನು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲೇ ಅಷ್ಟಿರುವುದರಿಂದ ಆ ಅಂಕಿ ನಮಗೆ ಇನ್ನೂ ಹತ್ತಿರದ್ದು.

ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಬೈಕುಗಳ ಫೋರ್ಕ್ ನೋಡಿದ ಕೂಡಲೇ ಗುರುತು ಸಿಗುತ್ತದೆ. ಹೊಳೆಯುವ ಪೈಪಿನ ಮೇಲೆ, ಸೀಲಿನ ಅಂಚಿಗೆ, ಎಣ್ಣೆಯಲ್ಲಿ ಕಲಸಿದ ಕೆಂಪು ಉಂಗುರ ಕಟ್ಟಿರುತ್ತದೆ. ಅದು ಅದಿರಿನ ಧೂಳು. ಕಬ್ಬಿಣದ ಈ ಅದಿರನ್ನು ನುಣ್ಣಗೆ ಅರೆದು ಲೋಹ, ಗಾಜುಗಳಿಗೆ ಪಾಲಿಷ್ ಮಾಡಲು ಬಳಸುತ್ತಾರೆ. ಅಂಥದ್ದು ರಬ್ಬರಿನ ತುಟಿಯ ಕೆಳಗೆ ಸೇರಿದರೆ ಸೀಲು ಬಾಳುವುದು ಹೇಗೆ? ಎಣ್ಣೆ ಸೋರಿದೊಡನೆ ಸೀಲು ಹೋಯಿತೆಂದು ತೀರ್ಮಾನಿಸಬೇಡಿ. ಮೇಲಿನ ಧೂಳು ತಡೆಯುವ ಮುಚ್ಚಳವನ್ನು ಮೆಲ್ಲಗೆ ಎಬ್ಬಿಸಿ, ಹಳೆಯ ಎಕ್ಸ್‌ರೇ ಹಾಳೆಯ ಒಂದು ಪಟ್ಟಿಯನ್ನು ತುದಿಯಲ್ಲಿ ಕೊಕ್ಕೆಯಂತೆ ಕತ್ತರಿಸಿ, ಸೀಲಿನ ತುಟಿಯೊಳಗೆ ತೂರಿಸಿ ಪೈಪಿನ ಸುತ್ತ ಎಳೆದರೆ ಕೆಂಪು ಕೆಸರು ಹೊರಬರುತ್ತದೆ. ಎಷ್ಟೋ ಬೈಕುಗಳು ಇಷ್ಟಕ್ಕೇ ಸರಿಯಾಗಿ ಹೊರಟಿವೆ. ಅದಕ್ಕೆ ಹಣ ತೆಗೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ವಾಟರ್ ಸರ್ವಿಸ್ ಮಾಡಿಸುವಾಗ ಮಾತ್ರ ಆ ಜೋರು ನೀರನ್ನು ಸೀಲಿಗೆ ಗುರಿ ಇಟ್ಟು ಬಿಡದಂತೆ ಹುಡುಗರಿಗೆ ಹೇಳಿ.

ಎಲ್ಲವನ್ನೂ ಬಿಚ್ಚಿ ಕಟ್ಟಲು ಬರುವುದಿಲ್ಲ. ಸ್ಪ್ಲೆಂಡರ್‌ನಂಥ ಬೈಕುಗಳ ಹಿಂದಿನ ಜೋಡಿ ಶಾಕ್ ಕಾರ್ಖಾನೆಯಲ್ಲೇ ಮುಚ್ಚಿ ಬಂದದ್ದು. ಅದನ್ನು ಕೊಯ್ದು, ಎಣ್ಣೆ ತುಂಬಿ, ವೆಲ್ಡ್ ಮಾಡಿಸುವ ಬದಲು ಹೊಸ ಜೋಡಿ ಕೊಳ್ಳಿ. ಗ್ಯಾಸ್ ತುಂಬಿದ ಶಾಕ್‌ಗಳಲ್ಲಿ ನೈಟ್ರೋಜನ್ ಭಾರಿ ಒತ್ತಡದಲ್ಲಿರುತ್ತದೆ. ಒತ್ತಡ ಇಳಿಸದೆ ಬಿಚ್ಚಿದರೆ ಮುಚ್ಚಳ ಗುಂಡಿನಂತೆ ಹಾರುತ್ತದೆ, ಕಣ್ಣು ಹೋದೀತು.

ಕೌಲ್‌ಬಜಾರ್ ಕಡೆ ಬೈಕಿನ ಹಿಂದೆ ಜೀನ್ಸ್ ಬಂಡಲ್ ಕಟ್ಟಿಕೊಂಡು ಓಡಾಡುವವರಿಗೆ ನನ್ನ ಪ್ರಶ್ನೆಯನ್ನು ವಿವರಿಸಬೇಕಾಗಿಯೇ ಇಲ್ಲ. ಹೋಗುವಾಗ ಹಿಂದೆ ಇನ್ನೊಬ್ಬ ಆಳಿನಷ್ಟು ಭಾರ, ಬರುವಾಗ ಖಾಲಿ. ಅವರ ಬೈಕಿಗೆ ನಾನು ಒಂದು ಸೆಟ್ಟಿಂಗ್ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಹಿಂದಿನ ಶಾಕ್‌ನ 5 ಹಂತದ ಉಂಗುರದಲ್ಲಿ ಬಂಡಲ್ ಇದ್ದಾಗ ಯಾವ ಹಂತ, ಇಲ್ಲದಾಗ ಯಾವುದು ಎಂದು ಅಳೆದು, ಎರಡು ಬಣ್ಣದ ಗುರುತು ಹಾಕಿ, ಉಂಗುರ ತಿರುಗಿಸುವ ಸ್ಪ್ಯಾನರನ್ನು ಸೀಟಿನ ಕೆಳಗಿಟ್ಟು ಕಳಿಸುತ್ತೇನೆ.

ಹಾಗಾಗಿ ಬರುವಾಗ ದಿನಾ ಹೊರುವ ಬ್ಯಾಗು, ಕ್ಯಾನು, ಬಂಡಲ್ ಏನಿದ್ದರೂ ಜೊತೆಗೇ ತನ್ನಿ. ಹಿಂದೆ ಕೂರುವವರೂ ಬಂದರೆ ಇನ್ನೂ ಒಳ್ಳೆಯದು. ಟೈರಿಗೆ ಕಂಪನಿ ಹೇಳಿದಷ್ಟೇ ಗಾಳಿ ಹಾಕಿಸಿಕೊಳ್ಳಿ. ಬೈಕನ್ನು ತೊಳೆಸಿಕೊಂಡು ಮಾತ್ರ ಬರಬೇಡಿ, ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂಬುದನ್ನು ಆ ಧೂಳೇ ತೋರಿಸಬೇಕು.