ಸನ್ ಕೋರಲ್‌ಗೆ ಉಣಿಸಿದ ಚಳಿಗಾಲ

ಸಮುದ್ರದ ನೀರಿನ ಅಕ್ವೇರಿಯಂ ಇಟ್ಟವರನ್ನು ಯಾವ ಹವಳ ಸಾಕುವುದು ಕಷ್ಟ ಅಂತ ಕೇಳಿ ನೋಡಿ. ಹೆಚ್ಚಿನವರು ಅಕ್ರೊಪೋರಾ ಅನ್ನುತ್ತಾರೆ. ನೀರಿನ ಆಲ್ಕಲಿನಿಟಿ, ಅಂದರೆ ಕ್ಷಾರಗುಣ, ದಿಢೀರ್ ಏರಿಳಿದರೆ ಸಾಕು, ಅದು ಬಣ್ಣ ಕಳೆದುಕೊಳ್ಳುತ್ತದೆ. ಆದರೆ ಒಳ್ಳೆಯ ಲೈಟು, ಖನಿಜಗಳನ್ನು ಅಳೆದು ನೀರಿಗೆ ಬಿಡುವ ಡೋಸಿಂಗ್ ಪಂಪು ಇಟ್ಟುಬಿಟ್ಟರೆ ಅಕ್ರೊಪೋರಾದ ಅರ್ಧ ಕೆಲಸ ಮಿಷಿನ್ನುಗಳೇ ಮಾಡುತ್ತವೆ. ಸನ್ ಕೋರಲ್ ಹಾಗಲ್ಲ. ಅದಕ್ಕೆ ಮನುಷ್ಯರ ಕೈಯೇ ಬೇಕು.

ನಾವು ಟ್ಯಾಂಕಿನಲ್ಲಿ ಸಾಕುವ ಬಹಳಷ್ಟು ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕು ಬಿದ್ದರೆ ಆ ಪಾಚಿ ಆಹಾರ ತಯಾರಿಸುತ್ತದೆ, ಅದರಲ್ಲೇ ಹವಳದ ಹೊಟ್ಟೆ ಬಹುಪಾಲು ತುಂಬುತ್ತದೆ. ಸನ್ ಕೋರಲ್‌ನ ಮೈಯಲ್ಲಿ ಆ ಪಾಚಿ ಇಲ್ಲ. ಸಮುದ್ರದಲ್ಲಿ ಅದು ಗುಹೆಯ ಮಾಡಿಗೆ, ಬಂಡೆಯ ಅಡಿಗೆ, ಮುಳುಗಿದ ಹಡಗಿನ ಮಗ್ಗುಲಿಗೆ ಅಂಟಿಕೊಂಡಿರುತ್ತದೆ. ರಾತ್ರಿ ಬಾಯಿ ಬಿಟ್ಟು ಕೂತರೆ ಹರಿಯುವ ನೀರು ಸಣ್ಣ ಪುಟ್ಟ ಜೀವಿಗಳನ್ನು ಹೊತ್ತು ತಂದು ಕೊಡುತ್ತಲೇ ಇರುತ್ತದೆ. ನಲವತ್ತು ಗ್ಯಾಲನ್ನಿನ ಗಾಜಿನ ಪೆಟ್ಟಿಗೆಯಲ್ಲಿ ಅದನ್ನೆಲ್ಲ ಯಾರು ತಂದು ಕೊಡಬೇಕು?

ಹಿಂದಿನ ಚಳಿಗಾಲದಲ್ಲಿ ನ್ಯೂಜೆರ್ಸಿಯ ನಮ್ಮ ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಇದನ್ನು ನೋಡಿದೆ. ಮುಷ್ಟಿ ಗಾತ್ರದ ಗಡ್ಡೆ. ಕಿತ್ತಳೆ ಬಣ್ಣದ ಚರ್ಮ ಹಿಂದೆ ಸರಿದು, ಪಾಲಿಪ್‌ಗಳ ನಡುವೆ ಬಿಳಿ ಎಲುಬು ಕಾಣುತ್ತಿತ್ತು. ಪಾಲಿಪ್ ಅಂದರೆ ಹವಳದ ಗಡ್ಡೆಯಲ್ಲಿ ಬಾಯಿ, ಎಳೆಗಳಿರುವ ಒಂದೊಂದು ಪುಟ್ಟ ಜೀವಿ. ಮೇಲೆ ಅರ್ಧ ಬೆಲೆಯ ಚೀಟಿ, ಅದರ ಕೆಳಗೆ ‘ಲೈಟ್ ಬೇಡ, ಸುಲಭ’ ಅಂತ ಬರೆದಿತ್ತು. ಆ ಚೀಟಿ ನೋಡಿ ಸಿಟ್ಟು ಬಂತು. ಲೈಟ್ ಬೇಡ ನಿಜ, ಊಟ ಬೇಡ ಅಂತ ಅಲ್ಲವಲ್ಲ! ಅದಕ್ಕೆ ವಾರಗಟ್ಟಲೆ ಯಾರೂ ಏನೂ ತಿನ್ನಿಸಿರಲಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಕುಮಟಾದಿಂದ ಅತ್ತೆ ಬಂದಿದ್ದರು. ಹೊರಗೆ ಹಿಮ, ವಾಕಿಂಗ್ ಇಲ್ಲ, ಅಕ್ಕಪಕ್ಕದವರ ಮಾತಿಲ್ಲ. ಬ್ಯಾಗಿನಿಂದ ಹವಳ ತೆಗೆದಾಗ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

“ಇದು ಸತ್ತೇ ಹೋಗಿದ್ಯಲ್ಲೇ ತಂಗೀ. ದುಡ್ಡು ಕೊಟ್ಟು ತಂದ್ಯಾ?”

“ಸತ್ತಿಲ್ಲ ಅತ್ತೆ, ಹಸಿದಿದೆ. ನೋಡ್ತಿರಿ.”

ಹೇಳುವಾಗ ಧೈರ್ಯದಿಂದಲೇ ಹೇಳಿದೆ. ಆದರೆ ಅದು ಬಾಯಿಯನ್ನೇ ತೆರೆಯಲಿಲ್ಲ. ಬಹಳ ದಿನ ಹಸಿದಿದ್ದ ಸನ್ ಕೋರಲ್‌ನ ಕಷ್ಟ ಇದೇ. ಪಾಲಿಪ್ ಅರಳುವುದಕ್ಕೂ ಶಕ್ತಿ ಬೇಕು. ಶಕ್ತಿ ಇಲ್ಲದಿದ್ದರೆ ಮುದುಡಿ ಕೂರುತ್ತದೆ. ಮುದುಡಿ ಕೂತರೆ ಊಟ ಒಳಗೆ ಹೋಗಲ್ಲ. ಆ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ರಾತ್ರಿ ಟ್ಯಾಂಕಿನ ಲೈಟ್ ಆರಿದ ಮೇಲೆ ಒಂದು ಗಾಜಿನ ಬೌಲನ್ನು ನೀರಿನಲ್ಲಿ ಮುಳುಗಿಸಿ, ಹವಳವನ್ನು ಒಳಗಿಟ್ಟು, ಬೌಲಿನ ಅಂಚು ಮಾತ್ರ ಮೇಲೆ ಬರುವ ಹಾಗೆ ತೇಲಿಸುತ್ತಿದ್ದೆ. ಹೊರಗಿಟ್ಟರೆ ಆ ಚಳಿಗೆ ನೀರು ತಣ್ಣಗಾಗಿಬಿಡುತ್ತದೆ, ತೇಲಿಸಿದರೆ ಟ್ಯಾಂಕಿನ 25 ಡಿಗ್ರಿಯಲ್ಲೇ ಇರುತ್ತದೆ. ಫ್ರೀಜರಿನಲ್ಲಿಟ್ಟ ಮೈಸಿಸ್ ಸಿಗಡಿಯನ್ನು ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಆ ರಸದ ಕೆಲವು ಹನಿ ಹವಳದ ಮೇಲೆ ಬಿಡುವುದು. ವಾಸನೆಗಾದರೂ ಎಚ್ಚರವಾಗಲಿ ಅಂತ. ಅರ್ಧ ಗಂಟೆ ಕಾದು, ಹವಳ ವಾಪಸ್ಸು, ಬೌಲಿನ ಕೊಳಕು ನೀರು ಸಿಂಕಿಗೆ. ಅನೇಕ ರಾತ್ರಿ ಇಷ್ಟೇ ಆಯಿತು. ಹವಳ ಸ್ವಲ್ಪ ಊದಿಕೊಳ್ಳುತ್ತಿತ್ತು, ಮತ್ತೆ ಮುದುಡುತ್ತಿತ್ತು.

ಅತ್ತೆಗೆ ರಾತ್ರಿ ನಿದ್ದೆ ಕಡಿಮೆ. ಸುಮ್ನೆ ಹಾಸಿಗೆಯಲ್ಲಿ ಹೊರಳುವ ಬದಲು ಟ್ಯಾಂಕಿನ ಮುಂದೆ ಶಾಲು ಹೊದ್ದು ಕೂರತೊಡಗಿದರು. ಒಂದು ರಾತ್ರಿ ನಾನು ಅಡುಗೆಮನೆಯಲ್ಲಿದ್ದಾಗ ಕರೆದರು.

“ತಂಗೀ, ಬಾ ಇಲ್ಲಿ ಬೇಗ. ಒಂದು ಬಾಯಿ ಬಿಟ್ಟಿದೆ!”

ಅಂಚಿನ ಒಂದೇ ಒಂದು ಪಾಲಿಪ್. ಹಳದಿ ಬಣ್ಣದ ತೆಳ್ಳನೆ ಎಳೆಗಳು, ಒಂದೊಂದರ ಮೇಲೂ ಹುಡಿ ಉದುರಿಸಿದಂಥ ಚುಕ್ಕೆ. ಪಿಪೆಟ್ಟಿನಿಂದ ಒಂದು ಮೈಸಿಸ್ ಅನ್ನು ಮೆಲ್ಲಗೆ ಅದರ ಮೇಲೆ ಬಿಟ್ಟೆ. ತಾಗಿದ್ದೇ ತಡ, ಎಳೆಗೆ ಅಂಟಿಕೊಂಡಿತು. ಅಕ್ಕಪಕ್ಕದ ಎಳೆಗಳು ಒಂದೊಂದಾಗಿ ಒಳಗೆ ಬಾಗಿದವು. ನಡುವೆ ಗೀಟಿನ ಹಾಗಿದ್ದ ಬಾಯಿ ಅಗಲವಾಯಿತು. ಸಿಗಡಿ ಬಾಲದ ಕಡೆಯಿಂದ ನಿಧಾನಕ್ಕೆ ಒಳಗೆ ಹೋಗುತ್ತಿತ್ತು. ಕೊನೆಗೆ ಅದರ ಎರಡು ಕಪ್ಪು ಕಣ್ಣು ಮಾತ್ರ ಹೊರಗಿದ್ದವು, ಆಮೇಲೆ ಅವೂ ಇಲ್ಲ. ಅತ್ತೆ ಅಷ್ಟು ಹೊತ್ತೂ ನನ್ನ ಮೊಣಕೈ ಹಿಡಿದುಕೊಂಡಿದ್ದರು.

“ಶೆಟ್ಲಿ ತಿಂತು ಮಾರಾಯ್ತಿ!” ಅಂದರು. ನಮ್ಮ ಕಡೆ ಸಿಗಡಿಗೆ ಹಾಗೆ ಹೇಳುವುದು.

ಅಲ್ಲಿಂದ ಮುಂದೆ ಆ ಕೆಲಸ ಅವರದ್ದಾಯಿತು. ಹೊತ್ತನ್ನೂ ಅವರೇ ಗೊತ್ತು ಮಾಡಿದರು, ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ. ದಿನಾ ಒಂದೇ ಹೊತ್ತಿಗೆ ಊಟ ಸಿಕ್ಕಿದರೆ ಸನ್ ಕೋರಲ್ ಆ ಹೊತ್ತಿಗೆ ಅರಳುವುದನ್ನು ರೂಢಿ ಮಾಡಿಕೊಳ್ಳುತ್ತದೆ. ಒಂದು ಪಾಲಿಪ್ ಅರಳಿದ್ದು ಪಕ್ಕದ್ದಕ್ಕೂ ಹಬ್ಬಿತು. ಪೂರ್ತಿ ಅರಳಿದಾಗ ಕಲ್ಲು ಕಾಣುವುದೇ ಇಲ್ಲ, ಇಡೀ ಗಡ್ಡೆ ಸೇವಂತಿಗೆ ದಂಡೆಯ ಹಾಗೆ.

ಆಗ ಬೌಲು ಬಿಟ್ಟು ಟ್ಯಾಂಕಿನಲ್ಲೇ ತಿನ್ನಿಸುತ್ತಿದ್ದೆವು, ರಸವನ್ನೂ ಅಲ್ಲೇ ಬಿಡುತ್ತಿದ್ದೆವು. ಅಲ್ಲಿ ಕಳ್ಳನೊಬ್ಬ ಇದ್ದ. ಟ್ಯಾಂಕಿನ ಕ್ಲೀನರ್ ಶ್ರಿಂಪ್. ಕೆಂಪು ಬೆನ್ನಿನ ಮೇಲೆ ಬಿಳಿ ಪಟ್ಟೆ, ಉದ್ದ ಬಿಳಿ ಮೀಸೆ. ಪಾಲಿಪ್ ಇನ್ನೂ ನುಂಗುತ್ತಿರುವಾಗಲೇ ಹವಳದ ಮೇಲೆ ಹತ್ತಿ, ಬಾಯೊಳಗೆ ಕಾಲು ಹಾಕಿ ಮೈಸಿಸ್ ಎಳೆದುಕೊಂಡು ಹೋಗುತ್ತಿತ್ತು. ಎಳೆದಾಟದಲ್ಲಿ ಪಾಲಿಪ್ ಹರಿಯುವುದೂ ಉಂಟು. ಅದಕ್ಕೆ ಒಂದು ಸೋಡಾ ಬಾಟಲಿಯ ಮೇಲ್ಭಾಗ ಕತ್ತರಿಸಿ ಹವಳದ ಮೇಲೆ ಕವುಚಿದೆ. ಪಂಪು ನಿಲ್ಲಿಸಿ, ಬಾಟಲಿಯ ಕುತ್ತಿಗೆಯಿಂದ ಪಿಪೆಟ್ಟು ಇಳಿಸಿ ತಿನ್ನಿಸುವುದು. ನುಂಗಿ ಮುಗಿಯುವ ತನಕ ಬಾಟಲಿ ತೆಗೆಯುವ ಹಾಗಿಲ್ಲ. ಅತ್ತೆ ಅಷ್ಟು ಹೊತ್ತೂ ಅಲ್ಲೇ ಕೂತು ಕಾವಲು ಕಾಯುತ್ತಿದ್ದರು.

ಒಂದು ಸಂಜೆ ಕೇಳಿದರು, “ನನ್ನ ಉಂಗುರದಲ್ಲಿರೋದು ಇದೇನಾ?” ಅಲ್ಲ. ಉಂಗುರದ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು, ಜಾತಿಯೇ ಬೇರೆ. ಅದೂ ಮೈಯಲ್ಲಿ ಪಾಚಿ ಇಲ್ಲದ್ದು, ಬೆಳಕು ಕಡಿಮೆ ಇರುವ ಕಡೆ ಬೆಳೆಯುವಂಥದ್ದು ಅಂದಾಗ ಉಂಗುರ ತಿರುಗಿಸಿ ತಿರುಗಿಸಿ ನೋಡಿಕೊಂಡರು. ಒಂದು ಚೂರು ಕುಮಟಾಕ್ಕೆ ಒಯ್ಯಬಹುದಾ ಅಂದರು. ಅದಂತೂ ಆಗದು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ ಕಲ್ಲು ಹವಳಗಳಿವೆ, ಹುಲಿ ಇರುವ ಪಟ್ಟಿಯಲ್ಲೇ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಆದರೆ ಅಲ್ಲಿ ನೋಡಬಹುದು, ಮುರಿದು ತರುವ ಹಾಗಿಲ್ಲ. “ಹಂಗೇ ಇರಬೇಕು” ಅಂದರು ಅತ್ತೆ. ನನಗೂ ಹಾಗೇ ಅನ್ನಿಸುತ್ತದೆ. ಅಮೆರಿಕದಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ಸರಿ. ಆದರೆ ಕೈಯಾರೆ ತಿನ್ನಿಸಲು ಪುರುಸೊತ್ತಿಲ್ಲದವರು ಇದನ್ನು ಕೊಳ್ಳಲೇಬಾರದು. ಸಮುದ್ರದಿಂದ ತಂದು ಟ್ಯಾಂಕಿನಲ್ಲಿ ಉಪವಾಸ ಕೆಡವುವುದು ಅನ್ಯಾಯ.

ಹಾಗಂತ ಇದು ಬಡಪಾಯಿ ಜೀವಿಯೇನಲ್ಲ. ಬ್ರೆಜಿಲ್ ಕರಾವಳಿಯಲ್ಲಿ, ಮೆಕ್ಸಿಕೋ ಕೊಲ್ಲಿಯಲ್ಲಿ ಇದೇ ಸನ್ ಕೋರಲ್ (ಶಾಸ್ತ್ರೀಯ ಹೆಸರು ಟ್ಯೂಬಾಸ್ಟ್ರಿಯಾ) ಎಣ್ಣೆ ಬಾವಿಗಳ ಕಬ್ಬಿಣದ ಕಾಲುಗಳಿಗೆ ಹತ್ತಿ, ಅಲ್ಲಿಯದೇ ಹವಳಗಳ ಜಾಗ ನುಂಗುತ್ತಿದೆ. ಮುಳುಗುಗಾರರು ಸುತ್ತಿಗೆ ಉಳಿ ಹಿಡಿದು ಕೆತ್ತಿ ತೆಗೆಯುತ್ತಾರೆ. ಊಟ ಸಿಕ್ಕುವ ಕಡೆ ಅಷ್ಟು ಗಟ್ಟಿ. ನನ್ನ ಟ್ಯಾಂಕಿನಲ್ಲಿ ಅದರ ಜೀವ ಅತ್ತೆಯ ಪಿಪೆಟ್ಟಿನ ತುದಿಯಲ್ಲಿತ್ತು.

ಇಷ್ಟು ತಿನ್ನಿಸಿದರೆ ನೀರು ಕೆಡದೆ ಇರುತ್ತದಾ? ಉಳಿದ ಊಟ, ಹೊಲಸು ಕೊಳೆತು ನೀರಿಗೆ ಸೇರುವ ನೈಟ್ರೇಟ್ ಹತ್ತರ ಆಸುಪಾಸಿನಲ್ಲಿದ್ದದ್ದು ಫೆಬ್ರವರಿ ಹೊತ್ತಿಗೆ 40 ಪಿಪಿಎಂ (ಹತ್ತು ಲಕ್ಷದಲ್ಲಿ 40 ಪಾಲು) ದಾಟಿತು. ಮೇಲಿನ ಬಂಡೆಯ ಅಕ್ರೊಪೋರಾ ಕಂದು ತಿರುಗಿತು. ನೀರಿನ ಕೊಳೆಯನ್ನು ನೊರೆಯಾಗಿ ಎತ್ತಿ ತೆಗೆಯುವ ಸ್ಕಿಮ್ಮರಿನ ಬಟ್ಟಲು ಬೇಗ ಬೇಗ ತುಂಬಿ ನಾರುತ್ತಿತ್ತು. ಊಟ ಕಡಿಮೆ ಮಾಡಿದರೆ ಸನ್ ಕೋರಲ್ ಹೋಗುತ್ತದೆ, ಮಾಡದಿದ್ದರೆ ಅಕ್ರೊಪೋರಾ ಹೋಗುತ್ತದೆ. ಊಟ ಬಿಡಿಸದೆ ನೀರು ಬದಲಿಸುವುದನ್ನು ಜಾಸ್ತಿ ಮಾಡಿದೆವು. ವಾರಕ್ಕೆ ಹತ್ತು ಗ್ಯಾಲನ್. ಆರ್‌ಓ ನೀರಿಗೆ ಉಪ್ಪು ಬೆರೆಸಿ, ಸಾಂದ್ರತೆ 1.025 ಬರುವ ತನಕ ಕಲಕಿ, ಬಿಸಿ ಮಾಡಿ, ಬಕೆಟ್ಟಿನಲ್ಲಿ ಹೊರುವುದು. ಹೊರುವ ಕೆಲಸ ನನ್ನ ಗಂಡನ ಪಾಲಿಗೆ. ಮೈಸಿಸ್ ಸೋಸಿದ ರಸವನ್ನು ಟ್ಯಾಂಕಿಗೆ ಬಿಡುವುದು ಪೂರ್ತಿ ನಿಲ್ಲಿಸಿದೆವು. ಆ ಹೊತ್ತಿಗೆ ನಾವು ರಸದ ಆಸೆ ತೋರಿಸದಿದ್ದರೂ ಹವಳ ಅರಳುತ್ತಿತ್ತು. ಅಕ್ರೊಪೋರಾಕ್ಕೆ ಹಸಿರು ಮರಳಲು ಬಹಳ ಸಮಯ ಹಿಡಿಯಿತು, ಆದರೆ ಮರಳಿತು.

ಏಪ್ರಿಲ್‌ನಲ್ಲಿ ಅತ್ತೆ ಊರಿಗೆ ಹೊರಟಾಗ ಬಿಳಿ ಎಲುಬಿನ ಮೇಲೆ ಕಿತ್ತಳೆ ಚರ್ಮ ಹೆಚ್ಚುಕಡಿಮೆ ಮುಚ್ಚಿಕೊಂಡಿತ್ತು. ಈಗ ತಿನ್ನಿಸುವುದು ನಾನು, ಅದೇ ಹೊತ್ತಿಗೆ.

ಈಚೆಗೆ ಟ್ಯಾಂಕಿನ ಹಿಂಬದಿಯ ಗಾಜಿನ ಮೇಲೆ ಸಾಸಿವೆ ಗಾತ್ರದ ಕಿತ್ತಳೆ ಚುಕ್ಕೆಗಳು ಕಂಡವು. ಭೂತಗನ್ನಡಿ ಹಿಡಿದು ನೋಡಿದರೆ ಪುಟ್ಟ ಪುಟ್ಟ ಎಳೆ. ಸನ್ ಕೋರಲ್ ಚೆನ್ನಾಗಿ ತಿಂದುಕೊಂಡಿದ್ದರೆ ಮರಿ ಬಿಡುತ್ತದೆ, ಅವು ತೇಲಿ ಹೋಗಿ ಎಲ್ಲಾದರೂ ಅಂಟಿಕೊಳ್ಳುತ್ತವೆ. ಫೋಟೋ ಕಳಿಸಿದ ಕೂಡಲೇ ಅತ್ತೆ ಫೋನ್ ಮಾಡಿದರು.

“ಅವಕ್ಕೆ ಏನು ಹಾಕ್ತಿದ್ದೀ? ಇಡೀ ಶೆಟ್ಲಿ ಆ ಬಾಯಿಗೆ ಹಿಡಿಯಲ್ಲ.”

“ಹೌದು ಅತ್ತೆ, ಸೈಕ್ಲಾಪ್ಸ್ ತಂದಿದ್ದೀನಿ, ಹುಡಿ ಥರ ಇರತ್ತೆ.”

ಪಿಪೆಟ್ಟು ಅಷ್ಟು ಹಿಂದಕ್ಕೆ ಎಟಕುವುದಿಲ್ಲ. ಅದರ ತುದಿಗೆ ಏರ್ ಪಂಪಿನ ಗಟ್ಟಿ ಕೊಳವೆಯ ಒಂದು ತುಂಡು ಜೋಡಿಸಿದ್ದೇನೆ, ಈಗ ಸಾಕಾಗುತ್ತದೆ.